ಹೋಗ್ತೇನಿ ಅಂದ ರಾಣಿ

೧೯೮೭ ಜುಲೈ ೩೦, ಗುರುವಾರ. ಹಾನಗಲ್

ಹಳೇ ಗಣಿತದ ನೋಟ್‌ಬುಕ್ಕಿನ್ಯಾಗ ಹಿಂದಿನ ಹಾಳಿ ಖಾಲಿ ಅದಾವ. ಯಾರ ಮುಂದೂ ಹೇಳಾಕ ಆಗಲಾರದ್ದನ್ನ ಇಲ್ಲಿ ಬರೀತೇನಿ. ಅವ್ವಗ ಓದಾಕ ಬರೂದಿಲ್ಲ. ಉಳಿದವ್ರು ಲೆಕ್ಕದ ಬುಕ್ಕು ಅಂತ ಮುಟ್ಟೂದಿಲ್ಲ. ಅಷ್ಟ ಸಾಕು.

ಇವತ್ತ ಪಂಚಮಿ. ಓಣ್ಯಾಗಿನ ಹೆಣ್ಣಮಕ್ಕಳೆಲ್ಲಾ ತವರಿಗೆ ಬಂದು ಜೋಕಾಲಿ ಜೀಕಾಕತ್ತಾರ. ಉಂಡಿ ಕೊಡಾಕ ಬಂದಾಕಿ ಬಂದಾಕಿ ಒಂದ ಮಾತು: "ಯಾವಾಗ ಬಂದ್ಯವ್ವ ಸಾವಂತ್ರವ್ವ? ಮತ್ಯಾವಾಗ ಹೊಂಟಿ?" ಹಬ್ಬಕ್ಕ ಬಂದಾಳ ಅಂತ ಅವ್ವ ಹೇಳ್ತಾಳ. ಪಂಚಮಿಗೆ ಬಂದಾಕಿ ಜೂನ್ ತಿಂಗಳದಾಗ ಯಾಕ ಬಂದ್ಲು ಅಂತ ಕೇಳೂವಷ್ಟು ಲೆಕ್ಕ ಓಣ್ಯಾಗಿನವ್ರಿಗೆ ಬರ್ತೈತಿ.

ಹಿರೇಕೆರೂರಿಂದ, ಗಂಡನ ಮನಿಯಿಂದ, ಹೊಂಟು ಇವತ್ತಿಗೆ ಐವತ್ಮೂರು ದಿನ. ನಮ್ಮವರು ಬಂದಿಲ್ಲ, ಕಾಗದಾನೂ ಬರದಿಲ್ಲ. ಅತ್ತಿ ಮಾತ್ರ ಈ ಕಡೆ ಬರೂ ಬಸ್ಸಿನಾಗ ಯಾರ್ ಸಿಕ್ರೂ ಅವರ ಕೈಯಾಗ ಒಂದ ಸುದ್ದಿ ಕಳಸ್ತಾರ: "ನಿಮ್ಮ ಸಾವಂತ್ರವ್ವ ಹೊಸ್ತಿಲಾ ದಾಟುವಾಗ ಬರ್ತೇನಿ ಅನ್ಲಿಲ್ಲ. ಹೋಗ್ತೇನಿ ಅಂದ್ಲು."

ಅಂದದ್ದು ಖರೆ. ಮನಿ ಬಿಟ್ಟು ಹೊರಗ ಹೊಂಟವ್ರು ಬರ್ತೇನಿ ಅನಬೇಕು. ಹೋಗ್ತೇನಿ ಅಂದ್ರ ತಿರುಗಿ ಬರಾಂಗಿಲ್ಲ ಅಂದಂಗ. ಕೂಸಿಗೂ ಗೊತ್ತಿದ್ದ ಮಾತು. ನನಗ ಗೊತ್ತಿಲ್ಲಂತಲ್ಲ, ಬಸ್ಸಿನ ಗಡಿಬಿಡ್ಯಾಗ ಬಾಯಿ ತಪ್ಪಿ ಬಂತು. ನಾಲಿಗಿ ಒಮ್ಮೆ ಜಾರಿದ್ದಕ್ಕ ಎಷ್ಟು ರಂಪ, ಯವ್ವಾ!

ದೊಡ್ಡಪ್ಪ ಹೊಳಬಸಪ್ಪ ಉಂಡಿ ತಿನ್ಕೋತ ಹೇಳಿ ಹೋದ: "ಬನ್ನಿ ಹಬ್ಬ ಮುಗೀಲಿ, ಎರಡೂ ಕಡಿ ಹಿರ್ಯಾರ್ನ ಕುಂಡ್ರಸ್ತೇನಿ. ಯಾಕ ಬಿಟ್ಟು ಬಂದೆ ಅಂತ ಕಾರಣ ಹುಡುಕಿ ಇಟ್ಕೊ. ಕಾರಣ ಗಟ್ಟಿ ಇರ್ಲಿಲ್ಲಂದ್ರ ಸಾಲಿ ಕೆಲಸ ಬಿಟ್ಟು, ಗಪ್ಪನ ಹಿರೇಕೆರೂರಿಗೆ ನಡೀಬೇಕು ನೋಡವ್ವ."

ಕಾರಣ ಐತಿ. ಆದ್ರ ಅದು ಹಿರ್ಯಾರ ಮುಂದ ಇಡೂವಂಥದ್ದಲ್ಲ.

ಆಗಸ್ಟ್ ೬, ಗುರುವಾರ

ಸಾಲಿಗೆ ಸರಕಾರದ ಎರಡು ಕಂಪ್ಯೂಟರ್ ಬಂದಾವ. ಜೂನ್‌ದಾಗ ಧಾರವಾಡಕ್ಕ ಹೋಗಿ ಹದಿನೈದು ದಿನ ಕಲ್ತು ಬಂದಾಕಿ ನಾನೊಬ್ಬಾಕಿ, ಹಂಗಾಗಿ ಆ ಖೋಲಿ ನನ್ನ ಪಾಲಿಗೆ. ಕೀಲಿ ಮಾತ್ರ ಜವಾನ ಮಲ್ಲಿಕಸಾಬ ಕಾಕಾರ ಕೈಯಾಗ. ಚಪ್ಪಲಿ ಹಾಕ್ಕೊಂಡು ಯಾರ್ನೂ ಒಳಗ ಬಿಡೂದಿಲ್ಲ. ಹೆಡ್‌ಮಾಸ್ತರು ಬಂದ್ರೂ "ಸಾಹೇಬ್ರ, ಕಾಲಾಗಿಂದು ಹೊರಗ ಬಿಡ್ರಿ" ಅಂತಾರ.

ಯಂತ್ರದ ಜೋಡಿ ಬಂದ ಟೇಪಿನ್ಯಾಗ ಒಂದು ಇಂಗ್ಲಿಷ್ ಆಟ ಐತಿ. ಚಿತ್ರ ಇಲ್ಲ, ಬರೇ ಅಕ್ಷರ. ನೀನೊಬ್ಬ ವೀರ, ಗುಹೆ ಮುಂದ ನಿಂತಿ, ಈಗ ಏನ್ ಮಾಡ್ತಿ ಅಂತ ಪಡದ್ಯಾಗ ಬರ್ತೈತಿ. ಬಡಗಣಕ್ಕ ಹೋಗು ಅಂತ ಒತ್ತಿದ್ರ ಹೋಗ್ತೀವಿ, ಕತ್ತಿ ತಗೋ ಅಂತ ಒತ್ತಿದ್ರ ತಗೋತೀವಿ. ಕಡೀಕ ಏಳು ಹೆಡಿ ಸರ್ಪ. ಅದರ ಹಿಂದ ಸೆರ್‍ಯಾಗಿದ್ದ ರಾಜಕುಮಾರಿ.

ಇವತ್ತ ಒಂಬತ್ನೇತ್ತೆ ಹುಡುಗ್ರು ಗೆದ್ರು. ಗೆದ್ದ ಮ್ಯಾಲೆ ಚಪ್ಪಾಳಿ ಹೊಡೀತಾರ ಅಂದ್ರ ಜಗಳಾ ತಗದ್ರು. ಮಲ್ಲಿಕಸಾಬ ಕಾಕಾರ ಮಗಳು ಗೌಸಬಿ ಎದ್ದು ನಿಂತ್ಲು. "ಟೀಚರ, ಸರ್ಪಕ್ಕ ರಾಜಕುಮಾರಿ ಯಾಕ ಬೇಕಾಗಿತ್ರಿ? ತಿನ್ನಾಕಂದ್ರ ನೂರು ವರ್ಷ ತಿನ್ನದ ಯಾಕ ಇಟ್ಕೊಂಡಿತ್ತು?"

"ರೊಟ್ಟಿ ಬಡ್ಯಾಕ" ಅಂದ ಹಿಂದಿನ ಬೆಂಚಿನವ ಒಬ್ಬ.

"ಏಳು ಬಾಯಿಗೆ ಒಬ್ಬಾಕಿ ರೊಟ್ಟಿ ಬಡದ್ರ ಅಕಿ ಕೈ ಉಳೀತಾವೇನೋ?"

ಬಾಗಲದಾಗ ನಿಂತ ಕಾಕಾರಿಗೂ ತಡೀಲಿಲ್ಲ. "ಅದಿರ್ಲಿ, ಆ ಹುಡುಗಿಗೆ ಊಟಾ ಯಾರ್ ಕೊಡ್ತಿದ್ರಿ? ಗುಹೇದಾಗ ನೀರರ ಐತೋ ಇಲ್ಲೋ?"

ಕನ್ನಡ ಕಲ್ಸೂ ಪರಮೇಶ್ವರಪ್ಪ ಮಾಸ್ತರು ನೋಡಾಕ ಅಂತ ಬಂದವ್ರು ಅಲ್ಲೇ ಕುಂತ್ರು. ಪ್ರತಿ ವರ್ಷ ಸಾಲಿ ಗ್ಯಾದರಿಂಗಿಗೆ ನಾಟಕ ಬರಿಯೂದು ಅವರ. "ಅದು ಸರ್ಪಲ್ಲೋ, ಶಾಪ ಆದ ಗಂಧರ್ವ ಇರ್ಬೇಕು" ಅಂತ ತೀರ್ಪು ಕೊಟ್ರು. ಗೌಸಬಿ ಬಿಡಬೇಕಲ್ಲ! ಪಡದಿ ಮ್ಯಾಲೆ ಬೆರಳಿಟ್ಟು ತೋರಿಸಿದ್ಲು. "ಇಲ್ನೋಡ್ರಿ ಸರ, ಬಾಗಿಲ ತಗದೈತಿ ಅಂತ ಬರದೈತಿ. ಸರ್ಪ ಮಕ್ಕೊಂಡಾಗ ರಾಜಕುಮಾರಿ ತಾನ ಎದ್ದು ಯಾಕ ಹೊಂಡ್ಲಿಲ್ಲ?"

ಎಲ್ಲಾರೂ ನನ್ನ ಮಾರಿ ನೋಡಿದ್ರು.

"ನೋಡೂಣು" ಅಂದೆ.

ಅಂದ ಮ್ಯಾಲೆ ಮೈ ಉರೀತು. ಅದು ನನ್ನ ಮಾತಲ್ಲ. ಎರಡೂವರಿ ವರ್ಷ ಹಿರೇಕೆರೂರಿನ್ಯಾಗ ಕೇಳಿ ಕೇಳಿ ಕಿವಿ ತೂತು ಬಿದ್ದ ಮಾತು, ನನ್ನ ಬಾಯಾಗ ಯಾವಾಗ ಬಂದು ಕುಂತು?

ಆಗಸ್ಟ್ ೧೯, ಬುಧವಾರ

ಮನ್ಯಾಗ ಕುಂತ್ರ ಕುಂದ್ರಾಕ ಆಗವಲ್ದು, ನಿಂತ್ರ ನಿಲ್ಲಾಕ ಆಗವಲ್ದು. ಬ್ಯಾಳಿ ಇಟ್ಟು ಮರ್ತೆ, ಸೀದು ಕರಕಾತು. ಅವ್ವ ಬೋಗಣಿ ತಿಕ್ಕಾಕ ಕುಂತ್ಲು. ಬೈದಿದ್ರರ ಸಮಾಧಾನ ಆಗ್ತಿತ್ತು.

ಅದಕ್ಕ ನಾನ ಒಂದು ಆಟ ಬರ್‍ಯಾಕ ಚಾಲೂ ಮಾಡೇನಿ. ಕನ್ನಡದಾಗ. ಯಂತ್ರಕ್ಕ ಕನ್ನಡ ಅಕ್ಷರ ಬರೂದಿಲ್ಲ, ಹಂಗಾಗಿ ಮಾತು ಕನ್ನಡ, ಅಕ್ಷರ ಇಂಗ್ಲಿಷ್. ಪೂರಾ ಮಾತು ತಿಳಿಯೂವಷ್ಟು ಬುದ್ಧಿ ಅದಕ್ಕ ನಾ ಇನ್ನೂ ಕೊಟ್ಟಿಲ್ಲ. ಮೊದಲ್ನೇ ಎರಡು ಅಕ್ಷರ ನೋಡಿ ತಿಳ್ಕೋತೈತಿ: ಬಿ, ಎ ಬಂದ್ರ "ಬಾ", ಅಂದ್ರ ಒಳಗ; ಎಚ್, ಓ ಬಂದ್ರ "ಹೋಗು", ಅಂದ್ರ ಹೊರಗ. ಸಾಕು, ಹುಡುಗ್ರ ಆಟಕ್ಕ ಎಷ್ಟ ಬೇಕು?

ಕಥಿ ಇಷ್ಟ. ಒಂದು ರಾಜ್ಯ. ರಾಣಿ ಅರಮನಿ ಬಿಟ್ಟು ಹೋಗ್ಯಾಳ. ಆಡಾಂವ ರಾಜನ ದೂತ. ಹೊಳಿ ದಾಟಿ, ಅಡವಿ ದಾಟಿ, ಹಾದ್ಯಾಗ ಸಿಕ್ಕವರ ಒಗಟು ಬಿಡಿಸಿ ರಾಣೀನ್ನ ತಿರುಗಿ ಕರ್ಕೊಂಡು ಬರ್ಬೇಕು. ಸುಮ್ಮ ಒಂದು ಕಥಿ. ತಲ್ಯಾಗ ಏನ್ ಬಂತೋ ಅದು.

ನಲವತ್ತು ಸಾಲು ಬರದಿದ್ದೆ, ಟೇಪಿಗೆ ಇಳಸೂದರಾಗ ಕರೆಂಟ್ ಹೋತು. ಎಲ್ಲಾ ಹೊಳ್ಯಾಗ ಹುಣಸಿಹಣ್ಣು ತೊಳದಂಗ. "ಹೋದ್ರ ಹೋತು ಬಿಡ್ರಿ ಟೀಚರ, ತಲ್ಯಾಗ ಐತಲ್ಲ" ಅಂದ್ರು ಕಾಕಾ. ಇರ್ಬೇಕು.

ಆಗಸ್ಟ್ ೨೩, ಭಾನುವಾರ

ನಮ್ಮವರು ಸವಣೂರ ಖಾರ, ಆ ಶೇವು ಬೂಂದಿ ಕಲಸಿದ್ದು, ಕಳಿಸ್ಯಾರ. ಬೀಜ ಗೊಬ್ಬರದ ಅಂಗಡಿ ಕೆಲಸಕ್ಕ ಸವಣೂರಿಗೆ ಹೋಗಿದ್ರಂತ. ಬಸ್ಸಿನ ಕಂಡಕ್ಟರ ಕೈಯಾಗ ಪುಡಿಕಿ ಕೊಟ್ಟು, ಹಾನಗಲ್ಲಿನ್ಯಾಗ ಇಂಥವ್ರ ಮನಿಗೆ ಅಂದಾರ. ನನಗ ಸೇರ್ತೈತಿ ಅನ್ನೂದು ನೆನಪೈತಿ ಅವರಿಗೆ.

ಪುಡಿಕಿ ಪೂರಾ ಬಿಚ್ಚಿ ನೋಡಿದೆ. ಕಟ್ಟಿದ ಹಾಳಿ ತಿರುವಿ ಮರುವಿ ನೋಡಿದೆ. ಒಂದು ಅಕ್ಷರ ಇಲ್ಲ. ಬಾ ಅಂತಿಲ್ಲ, ಬರಬ್ಯಾಡ ಅಂತಿಲ್ಲ.

ಅವ್ವ ಹಿಗ್ಗಿ ಹೀರೀಕಾಯಿ ಆಗ್ಯಾಳ. ಅರ್ಧಾ ಖಾರ ಓಣ್ಯಾಗ ಹಂಚಿ ಬಂದ್ಲು. ಉಳಿದದ್ದು ನಾ ಅಳ್ಕೋತ ತಿಂದೆ.

ಸೆಪ್ಟೆಂಬರ್ ೩, ಗುರುವಾರ

ಆಟ ಮುಗೀತು, ಹುಡುಗ್ರ ಕೈಗೆ ಕೊಟ್ಟೆ, ತಪ್ಪು ಮಾಡ್ದೆ.

ಹತ್ತು ನಿಮಿಷಕ್ಕ ಹೊಳಿ ದಾಟಿದ್ರು, ಅರ್ಧಾ ತಾಸಿಗೆ ಅಡವಿ. ರಾಣಿ ಸಿಕ್ಲು. "ತಾಯೀ, ರಾಜರು ಕರೀತಾರ, ನಡ್ರಿ" ಅಂತ ಒತ್ತಿದ್ರ ರಾಣಿ ಬರ್ಬೇಕು, ನಾ ಹಂಗ ಬರದೇನಿ. ಬಂದ್ಲು. ಆಟ ಖಲಾಸ್.

"ಇಷ್ಟನ?" ಅಂದ್ಲು ಗೌಸಬಿ. "ಕರದ್ರ ಬರಾಕಿ ಆದ್ರ ಹೋಗಿದ್ದರ ಯಾಕ್ರಿ?"

ಒಬ್ಬೊಬ್ಬರು ಒಂದೊಂದು ಸುರು ಮಾಡಿದ್ರು. ರಾಣಿ ಒಬ್ಬಾಕಿನ ಹೊಳಿ ಹೆಂಗ ದಾಟಿದ್ಲು? ಅರಮನಿ ಕಾವಲವ್ರು ಏನ್ ಮಾಡ್ತಿದ್ರು? ರಾಣಿ ಎಲ್ಲಿ ಅದಾಳ ಅನ್ನೂದು ದೂತಗ ಮೊದಲ ಗೊತ್ತೈತಿ ಅಂದ ಮ್ಯಾಲೆ ಅಕಿ ಕಳದಾಳ ಅಂತ ಹೆಂಗ ಅನ್ನೂದು? ಎಲ್ಲಾದಕ್ಕೂ ಉತ್ತರಾ ಕೊಟ್ಟೆ. ಕಡೀಕ ಕಾಕಾ ಕೇಳಿದ್ರು.

"ರಾಜಾ ತಾನ ಯಾಕ ಹೋಗ್ಲಿಲ್ರಿ ಟೀಚರ? ದೂತನ್ನ ಯಾಕ ಕಳಿಸಿದ? ಕಾಲ್ನೋವಿತ್ತೇನ?"

"ರಾಜಾಗ ನೂರಾ ಎಂಟು ಕೆಲಸ ಇರ್ತಾವ" ಅಂದೆ.

"ಅದೂ ಖರೆನ ಬಿಡ್ರಿ" ಅಂದ್ರು ಕಾಕಾ. ಹಂಗಂದ್ರ ಒಪ್ಪಿಲ್ಲ ಅಂತ ಅರ್ಥ.

ನನಗ ಎಲ್ಲಿತ್ತೋ ಸಿಟ್ಟು. "ಆಟ ಆಡಾಕ ಕೊಟ್ರ ವಕೀಲಕಿ ಮಾಡ್ತೀರೇನು? ಬಂದ್ ಮಾಡ್ರಿ!" ಅಂತ ಒದರಿದೆ. ಹುಡುಗ್ರು ಬಾಯಿ ಮುಚ್ಕೊಂಡು ಎದ್ದು ಹೋದ್ರು. ಪಾಪ, ಅವರದೇನ್ ತಪ್ಪು.

ಸೆಪ್ಟೆಂಬರ್ ೧೦, ಗುರುವಾರ

ಬ್ಯಾಸರ. ಬರ್‍ಯಾಕ ಏನೂ ಇಲ್ಲ. ಎಡಗಣ್ಣು ಹಾರಾಕತ್ತೈತಿ.

ಸೆಪ್ಟೆಂಬರ್ ೧೮, ಶುಕ್ರವಾರ

ಪರಮೇಶ್ವರಪ್ಪ ಮಾಸ್ತರು ಇವತ್ತ ಸ್ಟಾಫ್ ರೂಮಿನ್ಯಾಗ ಒಂದು ಹಾಳಿ ಕೊಟ್ರು. ಮುತ್ತು ಪೋಣಿಸಿದಂಥಾ ಅಕ್ಷರ. ರಾಣಿ ಅರಮನಿ ಬಿಡಾಕ ಇರಬಹುದಾದ ಕಾರಣಗಳು: ರಾಕ್ಷಸ ಎತ್ತಿ ಒಯ್ದದ್ದು, ಮುನಿ ಶಾಪ, ಸವತಿ ಕಾಟ, ರಾಜನ ಕುಡಿತ. "ಈ ನಾಲ್ಕರಾಗ ಒಂದು ಇರದ ಯಾ ರಾಣೀನೂ ಅರಮನಿ ಬಿಡೂದಿಲ್ರಿ, ಬಾಯಾರ. ಇದ್ರ ಮಂದಿ ಕಣ್ಣಾಗ ನೀರು ತರಬಹುದು. ಇಲ್ಲಂದ್ರ ಕುರ್ಚಿ ಬಿಟ್ಟು ಎದ್ದು ಹೋಗ್ತಾರ. ಇಪ್ಪತ್ತು ವರ್ಷ ನಾಟಕ ಆಡಿಸೇನಿ, ನನ್ನ ಮಾತು ಕೇಳ್ರಿ."

"ನಾಲ್ಕೂ ಇಲ್ಲಂತ ತಿಳ್ಕೊಳ್ರಿ ಸರ. ರಾಜಾ ಛಲೋ ಮನಶ್ಯಾನ ಇದ್ರ?"

"ಹಂಗಾರ ರಾಣೀನ ಸುಮಾರಿನಾಕಿ" ಅಂದ್ರು. ಕಸಿಬಿಸಿ ಇಲ್ಲ, ಕೆಟ್ಟ ಮನಸ್ಸೂ ಇಲ್ಲ. ಹಸರು ಶಾಯಿ ಪೆನ್ನಿಗೆ ಟೊಪಗಿ ಹಾಕಿ ಕಿಸೆದಾಗ ಇಟ್ಕೊಂಡ್ರು. ಅವರ ಪಾಲಿಗೆ ಅದು ಮುಗದ ವಿಷಯ.

ಹಿರ್ಯಾರೂ ಇದನ್ನ ಕೇಳ್ತಾರ, ನನಗ ಗೊತ್ತು. ಕುಡೀತಾನೇನು? ಇಲ್ರಿ. ಹೊಡದಾನೇನು? ಇಲ್ರಿ. ಮತ್ತೊಬ್ಬಾಕಿ ಅದಾಳೇನು? ಥೂ, ಇಲ್ರಿ. ಹಂಗಾರ ನೀನ ಸುಮಾರಿನಾಕಿ ನಡಿಯವ್ವ.

ಆದದ್ದು ಇಷ್ಟ. ಮದುವಿ ಆದ ಮ್ಯಾಲೆ ಬಿನ್‌ಪಗಾರಿ ರಜಾ ಮ್ಯಾಲಿದ್ದೆ. ತಿರುಗಿ ಸಾಲಿಗೆ ಹೋಗ್ಲ್ಯಾ ಅಂದ್ರ ನಮ್ಮವರದು "ನೋಡೂಣು". ಒಂದು ಗಣಿತದ ಪುಸ್ತಕ ತರಸ್ರಿ ಅಂದ್ರ "ನೋಡೂಣು". ಅಂಗಳದಾಗ ಗುಲಾಬಿ ಹಚ್ಚಲ್ಯಾ ಅಂದ್ರ ಅದಕ್ಕೂ "ನೋಡೂಣು ತಗೋ". ಮೇ ತಿಂಗಳದಾಗ ಹೆಡ್‌ಮಾಸ್ತರ ಕಾಗದ ಬಂತು: ಧಾರವಾಡದಾಗ ತರಬೇತಿ ಐತಿ, ಜೂನ್ ಎಂಟಕ್ಕ ಚಾಲೂ, ಬರೂದಾದ್ರ ತಿಳಸ್ರಿ ಅಂತ. ಆ ಕಾಗದ ಅಂಗಡ್ಯಾಗ ಕೊಟ್ಟೆ. ಅವರು ಅದನ್ನ ತೂಕದ ಕಲ್ಲಿನ ಬುಡಕ ಇಟ್ರು. ಇಪ್ಪತ್ತು ದಿನ ಅಲ್ಲೇ ಇತ್ತು. ಊಟಕ್ಕ ಬಂದಾಗ, ಹೊಂಡುವಾಗ, ಚಾ ಕೊಡುವಾಗ ಕೇಳಿದೆ. ಹನ್ನೊಂದು ಸಲಾ ಕೇಳೇನಿ, ನನ್ನ ಲೆಕ್ಕ ತಪ್ಪೂದಿಲ್ಲ. ಹನ್ನೊಂದು ಸಲಾನೂ ನೋಡೂಣು. ದನಿ ಏರ್ಲಿಲ್ಲ, ಮಾರಿ ಗಂಟು ಹಾಕ್ಲಿಲ್ಲ.

ಬ್ಯಾಡ ಅಂದಿದ್ರ ಇದ್ದಲ್ಲೇ ಇರ್ತಿದ್ದೆ, ದೇವರಾಣಿ. ಅತ್ತು ಕರದು ಸುಮ್ಮ ಆಗ್ತಿದ್ದೆ. ಬ್ಯಾಡ ಅಂತಾನೂ ಅನ್ನೂವಷ್ಟು ನಾ ಅವರ ಕಣ್ಣಿಗೆ ಬೀಳ್ಲಿಲ್ಲ. ಜೂನ್ ಏಳನೇ ತಾರೀಖು ಕಲ್ಲು ಎತ್ತಿ ಕಾಗದ ತಗೊಂಡು ಬಸ್ ಹತ್ತಿದೆ.

ಇದನ್ನ ಹಿರ್ಯಾರ ಮುಂದ ಹೇಳಿದ್ರ, "ನೋಡೂಣು ಅಂದದ್ದಕ್ಕ ಗಂಡನ್ನ ಬಿಟ್ಟ್ಯೇನವ್ವ?" ಅಂತ ಹೊಟ್ಟಿ ಹಿಡಕೊಂಡು ನಗ್ತಾರ. ನಾ ಆದ್ರೂ ನಗ್ತಿದ್ದೆ.

ಸೆಪ್ಟೆಂಬರ್ ೨೬, ಶನಿವಾರ

ಗೌಸಬಿ ಬಂದ್ಲು. ಮೊನ್ನೆ ಬೈದದ್ದು ಮನಸ್ಸಿನ್ಯಾಗ ಇಟ್ಕೊಂಡಿಲ್ಲ ಆ ಹುಡುಗಿ. "ಟೀಚರ, ದೂತ ಆಗಿ ಆಗಿ ಸಾಕಾತ್ರಿ. ನಾ ರಾಣಿ ಆಗಿ ಆಡ್ಲೇನ್ರಿ?"

"ರಾಣಿ ಯಾಕ ಹೋದ್ಲು ಅನ್ನೂದ ಇನ್ನೂ ತೀರ್ಮಾನ ಆಗಿಲ್ಲಲ್ಲ?"

"ಅದನ್ನ ಬರ್‍ಯಾಕ ಯಾಕ ಬೇಕ್ರಿ? ರಾಣಿ ಆಗಿ ಆಡಾಕತ್ತಾಕಿಗೆ ತಾ ಯಾಕ ಹೊಂಟೇನಿ ಅನ್ನೂದು ಗೊತ್ತ ಇರ್ತೈತಿ. ನೋಡಾವ್ರಿಗೆ ಅಷ್ಟ ಕಾರಣ ಬೇಕು."

ಹದಿನೈದು ವರ್ಷದ ಹುಡುಗಿ! ಆಗಿಂದಾಗ ಯಂತ್ರದ ಮುಂದ ಕುಂತೆ. ಮಧ್ಯಾಹ್ನ ಅವ್ವ ಊಟಕ್ಕ ಕಾದು ಕಾದು ತಾನ ಡಬ್ಬಿ ತಗೊಂಡು ಸಾಲಿಗೆ ಬಂದ್ಲು, ಅಲ್ಲೀತನ ಬರದೆ. ಹಳೇ ಆಟದ್ದು ಹೊಳಿ, ಅಡವಿ ಇದ್ದಂಗ ಐತಿ. ಈಗ ಆಟ ಚಾಲೂ ಆಗೂದು ಅರಮನಿ ಒಳಗ. ಹೆಬ್ಬಾಗಲದಾಗ ಒಬ್ಬಾಕಿ ಮುದುಕಿ ಕುಂತಾಳ. "ರಾಣೀ, ಏನಂತಿ?" ಅಂತ ಕೇಳ್ತಾಳ. ಹೇಳಿದ್ರ ಬಾಗಿಲ ತಗೀತಾಳ, ಹೇಳದ ಸುಮ್ಮ ನಿಂತ್ರ ತಗಿಯೂದಿಲ್ಲ.

ಅವ್ವ ಬಾಗಲದಾಗ ಚಪ್ಪಲಿ ಬಿಟ್ಟು ಬಂದು ಪಡದಿ ನೋಡಿದ್ಲು. "ಇದರಾಗ ಇದ್ದಾಕಿ ನೀನೇನ?" ಅಂದ್ಲು. ಓದಾಕ ಬರೂದಿಲ್ಲ ಅಕಿಗೆ. ಹಂಗ್ಯಾಕ ಕೇಳಿದ್ಲೋ ಯಾರಿಗೆ ಗೊತ್ತು.

ಅಕ್ಟೋಬರ್ ೨, ಶುಕ್ರವಾರ

ಬನ್ನಿ ಹಬ್ಬ. ಊರೆಲ್ಲಾ ಬನ್ನಿ ಕೊಟ್ಟು, ಬನ್ನಿ ತಗೊಂಡು ಬಂಗಾರದಂಗ ಇರೂಣು ಅಂದದ್ದ ಅಂದದ್ದು. ದೊಡ್ಡಪ್ಪ ಬನ್ನಿ ಜೋಡಿ ಸುದ್ದೀನೂ ಕೊಟ್ಟ. ಹನ್ನೊಂದಕ್ಕ ಭಾನುವಾರ ಹಿರೇಕೆರೂರವ್ರು ಬರ್ತಾರ. ಅತ್ತಿ ಕರೆವ್ವ, ಅವರ ಮೈದುನ ಗುಡ್ಡಪ್ಪ, ಮತ್ತ ನಮ್ಮವರು.

ಅವ್ವ ಈಗಿಂದ ಗ್ವಾಡಿಗೆ ಸುಣ್ಣಾ ಹಚ್ಚಾಕತ್ತಾಳ.

ಅಕ್ಟೋಬರ್ ೭, ಬುಧವಾರ

ದೊಡ್ಡಪ್ಪ ಹಾದಿ ತೋರಿಸ್ಯಾನ. "ಕಾರಣ ಗೀರಣ ಏನೂ ಹೇಳಾಕ ಹೋಗಬ್ಯಾಡ. ಅವರಿಗೂ ಬೇಕಾಗಿಲ್ಲ. ಅವರಿಗೆ ನಟ್ಟಿದ್ದು ಆ ಒಂದು ಮಾತು. ಬಾಯಿ ತಪ್ಪಿ ಅಂದೆ ಅನ್ನು, ಅತ್ತಿ ಕಾಲಿಗೆ ಬೀಳು. ದೀಪಾವಳಿಗೆ ಹೊಸಾ ಸೀರಿ ಉಟ್ಕೊಂಡು ಗಂಡನ ಮನ್ಯಾಗ ಇರ್ತಿ."

"ಸಾಲಿ?"

"ಅದನ್ನ ಆಮ್ಯಾಲೆ ನೋಡೂಣು."

ಅಂವಾನೂ!

ಆದ್ರೂ ಹೂಂ ಅಂದೇನಿ. ಅವ್ವನ ಮಾರಿ ನೋಡಾಕ ಆಗವಲ್ದು. ಮತ್ತ ಸುಳ್ಳೇನ್ ಹೇಳಾಕತ್ತಿಲ್ಲಲ್ಲ, ಬಾಯಿ ತಪ್ಪಿದ್ದು ಖರೆನ ಐತಿ. ಮುಂಜಾನಿ ರೊಟ್ಟಿ ಬಡ್ಕೋತ ಬಾಯಿಪಾಠ ಮಾಡಿದೆ: ಬಾಯಿ ತಪ್ಪಿ ಬಂತ್ರಿ ಅತ್ತಿ, ತಪ್ಪಾತ್ರಿ. ಬಾಯಿ ತಪ್ಪಿ ಬಂತ್ರಿ ಅತ್ತಿ. ರೊಟ್ಟಿ ಎಲ್ಲಾ ಹರಿದು ಬಂದ್ವು.

ಅಕ್ಟೋಬರ್ ೧೦, ಶನಿವಾರ

ಅಕ್ಷರ ಸೊಟ್ಟ ಬರ್ತಾವ. ಬರೀಲಿಲ್ಲಂದ್ರ ತಲಿ ಒಡೀತೈತಿ.

ಇವತ್ತ ಮುಂಜಾನಿ ಸಾಲಿ. ದೀಪಾವಳಿ ಸೂಟಿಗೆ ಮೊದಲ ಹುಡುಗ್ಯಾರಿಗೆ ಹೊಸಾ ಆಟ ಕೊಡೂದು ಅಂತ ಮಾತು ಕೊಟ್ಟಿದ್ದೆ. ಹದಿನಾಲ್ಕು ಮಂದಿ ರಾಣ್ಯಾರು ಪಾಳಿ ಹಚ್ಚಿದ್ರು. ಮೊದಲ ಗೌಸಬಿ. ಎಣ್ಣಿ ಹಚ್ಚಿ ಹೆರಳು ಬಿಗಿದು, ಖರೇನ ರಾಣಿಗತೆ ಬಂದು ಕುಂತ್ಲು. ಅರಮನಿ ಪಡಸಾಲಿ ದಾಟಿ ಹೆಬ್ಬಾಗಿಲಕ್ಕ ಬಂದ್ಲು. ಮುದುಕಿ ಕೇಳಿದ್ಲು: "ರಾಣೀ, ಏನಂತಿ?"

ಗೌಸಬಿ ಒತ್ತಿದ್ಲು: "ಬರ್ತೇನಿ."

ಪಡದ್ಯಾಗ ಬಂತು: "ಒಳಗ ಬಾ ರಾಣೀ. ಕುಂಡ್ರು."

ಅಕಿ ಮತ್ತ ಒತ್ತಿದ್ಲು. "ಒಳಗ ಬಾ ರಾಣೀ. ಕುಂಡ್ರು." ಮುದುಕಿಗೆ ಕಿವಿ ಕೇಳೂದಿಲ್ಲ ಅಂತ "ಬರ್ತೇನಿ ಅಜ್ಜಿ" ಅಂದ್ಲು. "ಒಳಗ ಬಾ ರಾಣೀ." ಸಿಟ್ಟು ಬಂದು "ಬರ್ತೇನ್ರಿ" ಅಂತ ಮರ್ಯಾದಿ ಕೊಟ್ಟು ನೋಡಿದ್ಲು. "ಕುಂಡ್ರು."

ಎರಡ್ನೇದಾಕಿ ಬಂದ್ಲು, ಅಕೀನೂ ಬರ್ತೇನಿ. ಮೂರ್ನೇದಾಕೀನೂ ಬರ್ತೇನಿ. ಹದಿನಾಲ್ಕು ಹುಡುಗ್ಯಾರು, ಹದಿನಾಲ್ಕೂ ಮಂದಿ ಒಂದ ಮಾತು. ಮನಿ ಬಿಡುವಾಗ ಮತ್ತೇನಂತಾರ? ಒಬ್ಬಾಕಿಗೂ ಅರಮನಿಯಿಂದ ಹೊರಗ ಬೀಳಾಕ ಆಗ್ಲಿಲ್ಲ. ಬಿ, ಎ. ಯಂತ್ರ ಎರಡು ಅಕ್ಷರ ನೋಡಿ, ಬಾ ಅಂತ ತಿಳ್ಕೊಂಡು, ಒಳಗ ಕರ್‍ಯಾಕತ್ತಿತ್ತು.

ಮಲ್ಲಿಕಸಾಬ ಕಾಕಾ ನಕ್ಕು ನಕ್ಕು ಕಣ್ಣಾಗ ನೀರು ತಂದ್ಕೊಂಡ್ರು. "ಅತ್ತಿ ಮನಿ ಅಂದ್ರ ಹಿಂಗ ಇರ್ಬೇಕ್ ನೋಡ್ರಿ! ಎಷ್ಟರ ಉಪಚಾರ!" ನಾನೂ ನಕ್ಕೆ. ಎಷ್ಟು ದಿನ ಆಗಿತ್ತು ನಕ್ಕು.

ಆಮ್ಯಾಲೆ ಕಾಕಾ ಕಣ್ಣು ಒರಸ್ಕೋತ ಕೇಳಿದ್ರು: "ಟೀಚರ, ನೀವು ಆಡಿ ನೋಡಿರ್ಲಿಲ್ಲೇನ್ರಿ?"

"ಮೂವತ್ತು ಸಲಾ ನೋಡೇನಿ ಕಾಕಾ. ಬಾಗಿಲ ಪಟ್ಟನ ತಗೀತಿತ್ತು."

"ಮತ್ತ ನೀವು ಏನಂತ ಒತ್ತತಿದ್ರಿ?"

ನನ್ನ ಬೆರಳು ತಾನ ಎಚ್ ಮ್ಯಾಲೆ ಹೋತು. ಕಾಕಾ ನಗೂದು ನಿಲ್ಲಿಸಿದ್ರು. ಓಣಿ ಸುದ್ದಿ ಅವರ ಕಿವಿಗೂ ಬಿದ್ದಿರ್ಬೇಕಲ್ಲ. "ಇರ್ಲಿ ಬಿಡ್ರಿ" ಅಂದು, ಯಾವಾಗೂ ಒರಸಲಾರದ ಕಿಟಕಿ ಒರಸಾಕ ನಿಂತ್ರು.

ಎಲ್ಲಾ ಸಲಾನೂ ನಾ ಒತ್ತಿದ್ದು ಹೋಗ್ತೇನಿ. ಬರ್ತೇನಿ ಅಂತ ಒತ್ತಿ ನೋಡ್ಬೇಕು ಅನ್ನೂದು ತಲ್ಯಾಗ ಸುಳೀಲೇ ಇಲ್ಲ.

ಒಮ್ಮೆ ಬಾಯಿ ತಪ್ಪಬಹುದು. ಮೂವತ್ತು ಸಲಾ ತಪ್ಪೂದಿಲ್ಲ.

ನಾಳಿ ಹನ್ನೊಂದಕ್ಕ ಬರ್ತಾರ. ನನ್ನ ಬಾಯಿಪಾಠ ಏನ್ ಮಾಡ್ಲಿ?

ಅಕ್ಟೋಬರ್ ೧೧, ಭಾನುವಾರ

ಬಂದ್ರು, ಹೋದ್ರು.

ಪಡಸಾಲ್ಯಾಗ ಜಮಖಾನಿ ಹಾಸಿದ್ವಿ. ಒಂದು ಕಡಿ ಗುಡ್ಡಪ್ಪ, ಕರೆವ್ವ, ಒಂದು ಕಡಿ ದೊಡ್ಡಪ್ಪ. ನಮ್ಮವರು ಕಂಬಕ್ಕ ಒರಗಿ ಕುಂತಿದ್ರು, ಸೊರಗ್ಯಾರ. ನಾನು ಅಡಿಗಿಮನಿ ಬಾಗಲದಾಗ, ಅವ್ವ ನನ್ನ ಸೆರಗು ಹಿಡಕೊಂಡು ಹಿಂದ.

ಚಾ ಆದ ಮ್ಯಾಲೆ ಗುಡ್ಡಪ್ಪ ಸುರು ಮಾಡಿದ್ರು. ನಾ ಅಂದ್ಕೊಂಡಿದ್ದ ಪಾಳೀಲೇ. ಕುಡೀತಾನೇನವ್ವ? ಇಲ್ರಿ. ಕೈ ಮಾಡ್ಯಾನೇನವ್ವ? ಇಲ್ರಿ. "ಮತ್ತ ಕಾರಣ ಏನವ್ವ?" ನಾ ಬಾಯಿ ತಗಿಯೂದರಾಗ ದೊಡ್ಡಪ್ಪ ನಡುಕ ಬಂದ. "ಕಾರಣ ಏನೂ ಇಲ್ರಿ, ಹುಡುಗಬುದ್ಧಿ. ಆ ಮಾತು ಬಾಯಿ ತಪ್ಪಿ ಅಂದಾಳ. ಹೌದಲ್ಲವ್ವಾ?"

ಅತ್ತಿ ನನ್ನ ನೋಡಿದ್ರು. ಸಿಟ್ಟಿನ ನೋಟಲ್ಲ. ಹೂಂ ಅಂದು ಬಿಡ ತಾಯಿ ಅನ್ನೂವಂಥದ್ದು. ಕೆಟ್ಟವ್ರಲ್ಲ ಅವರು.

ಗುಡ್ಡಪ್ಪ ನೆಟ್ಟನ ಮನಶ್ಯಾ. ನನಗ ಉತ್ತರಾ ಕೊಡಾಕ ಬಿಡದ ನಮ್ಮವರ ಕಡಿ ತಿರುಗಿದ್ರು. "ಗುತ್ತೆಪ್ಪಾ, ಮೊದಲ ನೀ ಹೇಳಪಾ. ಅಕಿ ಬಂದ್ರ ಸಾಲಿಗೆ ಕಳಸ್ತ್ಯೋ, ಬಿಡಸ್ತ್ಯೋ? ಎರಡರಾಗ ಒಂದು ಅನ್ನು, ಎಲ್ಲಾರ ಮುಂದ ಆಗಿಬಿಡ್ಲಿ."

ಕಂಬಕ್ಕ ಒರಗಿ ಕುಂತಾಂವ ನೆಲಾ ನೋಡ್ಕೋತ ಅಂದ: "ನೋಡೂಣು."

"ಏನ್ ನೋಡ್ತಿ?" ಅಂದ್ರು ಗುಡ್ಡಪ್ಪ.

"ನೋಡೂಣಲ್ರಿ ಕಾಕಾ."

"ಅಲ್ಲೋ, ಹೂಂ ಅನ್ನು ಇಲ್ಲಾ ಊಂಹೂಂ ಅನ್ನು. ಹಿರ್ಯಾರು ಅನ್ನಾವ್ರು ಬಸ್ ಹತ್ತಿ ಬಂದೇವಿ. ಏನ್ ನೋಡ್ತೀ ಅಂತ ಕೇಳಾಕತ್ತೇನಿ!"

ಗುತ್ತೆಪ್ಪ ಜಮಖಾನಿ ದಾರ ಎಳಕೋತ ಕುಂತ. ಗುಡ್ಡಪ್ಪನ ಮಾರಿ ಕೆಂಪಗಾತು. ನಾ ಎರಡೂವರಿ ವರ್ಷ ಉಂಡದ್ದನ್ನ ಅವರು ಎರಡು ನಿಮಿಷಕ್ಕ ಉಂಡ್ರು. ಕಾರಣ ನಾ ಹೇಳೂದ ಬರ್ಲಿಲ್ಲ.

ಹೊರಗ ಬಂದು ಜಮಖಾನಿ ತುದೀಗೆ ನಿಂತೆ. "ಬಾಯಿ ತಪ್ಪಿಲ್ರಿ" ಅಂದೆ. "ಹೋಗ್ತೇನಿ ಅಂತ ಅಂದದ್ದು ಹೋಗ್ತೇನಿ ಅಂತನ. ಅತ್ತಿ ಕೇಳಿದ್ದು ಬರೋಬರಿ ಐತಿ."

ದೊಡ್ಡಪ್ಪ ಹಣಿ ಬಡಕೊಂಡ. ಅವ್ವ ನನ್ನ ಸೆರಗು ಬಿಟ್ಲು. ಗುಡ್ಡಪ್ಪ ಮೊಣಕಾಲಿಗೆ ಕೈ ಊರಿ ಎದ್ದು, "ಇಷ್ಟು ಸ್ವಚ್ಛ ಹೇಳಿದ ಮ್ಯಾಲೆ ಮತ್ತೇನೈತಿ, ಏಳ್ರಿ" ಅಂದ್ರು.

ಕರೆವ್ವ ಮುಂದ, ಗುಡ್ಡಪ್ಪ ಹಿಂದ. ಗುತ್ತೆಪ್ಪ ಕಡೀಕ ಎದ್ದ. ಕಟ್ಟಿ ಇಳದು ಚಪ್ಪಲಿ ಮೆಟ್ಟಿ ನಿಂತ. ನಾ ಹೊಸ್ತಿಲ ಒಳಗ. ಮನಿ ಬಿಟ್ಟು ಹೊಂಟವ್ರು ಏನರ ಒಂದು ಅನಬೇಕಲ್ಲ. ಸುಮ್ಮನ ಹೋಗ್ತಾನ ಅಂದ್ಕೊಂಡೆ. ಇಲ್ಲ, ತಿರುಗಿದ. ಮದುವಿ ಆದಾಗಿಂದ ಅಷ್ಟು ನೆಟ್ಟಗ ನನ್ನ ಮಾರಿ ನೋಡಿದ್ದಿಲ್ಲ.

"ಹೋಗ್ತೇನಿ" ಅಂದ.

ಅವ್ವ "ಬರ್ತೇನಿ ಅನ್ಲಿಲ್ಲ ನೋಡ, ಅಂವ ಬರ್ತೇನಿ ಅನ್ಲಿಲ್ಲ ನೋಡ" ಅಂತ ಹೊಸ್ತಿಲದಾಗ ಕುಂತು ಅತ್ಲು. ಅಕಿ ಬಾಜೂಕ ಕುಂತು ನಾನೂ ಅತ್ತೆ. ಎರಡೂವರಿ ವರ್ಷದಾಗ ಗುತ್ತೆಪ್ಪ ನನಗ ಕೊಟ್ಟ ಮೊದಲ್ನೇ ಉತ್ತರ ಅದು. ಇಷ್ಟು ಸ್ವಚ್ಛ ಮಾತು ಆ ಬಾಯಾಗ ಇತ್ತಲ್ಲ, ಒಂದ ಸಲಾ ಮೊದಲ ಕೊಟ್ಟಿದ್ರ ಏನಾಗ್ತಿತ್ತು?

ಎದ್ದು ನೋಡಿದ್ರ ಕಟ್ಟಿ ಮ್ಯಾಲೆ ಸವಣೂರ ಖಾರದ ಪುಡಿಕಿ ಇತ್ತು. ಅವ್ವ ಮುಟ್ಟವಲ್ಲಳು. ನಾಳಿ ಸಾಲಿಗೆ ಒಯ್ದು ಹುಡುಗ್ಯಾರಿಗೆ ಹಂಚ್ತೇನಿ. ಆಟದಾಗಿನ ಮುದುಕಿಗೆ ಎರಡೂ ಮಾತು ಕಲ್ಸೂದು ಐತಿ, ಜಲ್ದಿ ಹೋಗ್ಬೇಕು.